ಕ್ಯಾಂಪರ್ ವ್ಯಾನ್ ಪಕ್ಕದ ಜನರೇಟರ್ ಕಳುವಾಗದಂತೆ ಎಲ್ಲಿ, ಯಾವುದರಿಂದ ಕಟ್ಟಬೇಕು? (ಮಾಜಾಳಿ – ಗೋಕರ್ಣ – ಶಿರಸಿ ದಾರಿ)

ಗಾಳಿಮರ
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಮಾಜಾಳಿಯಿಂದ ಶುರುಮಾಡಿ ಗೋಕರ್ಣ, ಹೊನ್ನಾವರ, ಆಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಗೆ ಏಳು ರಾತ್ರಿಯ ಯೋಜನೆ ಇದೆ. ವ್ಯಾನ್ ಒಂದು, ಜನ ನಾಲ್ಕು. ಜೊತೆಗೆ 2 ಕೆವಿಎ ಪೆಟ್ರೋಲ್ ಇನ್ವರ್ಟರ್ ಜನರೇಟರ್, ತೂಕ 21 ಕೆಜಿ, ಮೇಲೆ ಪ್ಲಾಸ್ಟಿಕ್ ಹಿಡಿಕೆ. ಒಬ್ಬರೇ ಒಂದು ಕೈಯಲ್ಲಿ ಎತ್ತಿಕೊಂಡು ಹೋಗುವಂಥದ್ದು, ಚಿಂತೆ ಇರುವುದೇ ಅಲ್ಲಿ. ಹಿಡಿಕೆಗೆ ಸರಪಳಿ ಹಾಕಿ ವ್ಯಾನಿನ ಹಿಂದಿನ ಎಳೆಯುವ ಹುಕ್‌ಗೆ ಬೀಗ ಜಡಿದರೆ ಸಾಕಾ? ಸರಪಳಿ ಎಷ್ಟು ದಪ್ಪ ಬೇಕು? ರಾತ್ರಿ ಮಲಗುವಾಗ ಏನು ಮಾಡಬೇಕು? ತಿಳಿದವರು ಅಳತೆ ಸಮೇತ ಹೇಳಿದರೆ ಉಪಕಾರ.

ಬೈತಖೋಲ ದಕ್ಕೆ
ಸರಪಳಿ ವಿಷಯ ನಾನು ಹೇಳ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕಕ್ಕೆ ತೂಗಿ ಕೊಡುವುದು ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕಿನ ಸರಪಳಿ. ಅದು 6 ಎಂಎಂ ಇರಲಿ, 8 ಎಂಎಂ ಇರಲಿ, 24 ಇಂಚಿನ ಬೋಲ್ಟ್ ಕಟ್ಟರ್‌ಗೆ ಒಂದೇ ಒತ್ತು. 10 ಎಂಎಂ ಆದರೆ 36 ಇಂಚಿನ ಕಟ್ಟರ್ ಬೇಕು, ಅಷ್ಟೇ ವ್ಯತ್ಯಾಸ. ನೋಡಲಿಕ್ಕೆ ದಪ್ಪ ಇದೆ ಅಂತ ನಂಬಬೇಡಿ, ಉಕ್ಕಿನ ಜಾತಿ ನೋಡಿ.

ಭಾರ ಎತ್ತುವ ಸಾಮಾನಿನ ಅಂಗಡಿಯಲ್ಲಿ ಗ್ರೇಡ್ 80 ಅಂತ ಸಿಗ್ತದೆ. ಕೊಂಡಿಗಳ ಮೇಲೆ 8 ಅಥವಾ 80 ಅಂತ ಅಚ್ಚು ಇರ್ತದೆ, ಅಚ್ಚು ಇಲ್ಲದ್ದನ್ನು ತಗೊಳ್ಳಬೇಡಿ. ಇದು ಮೈಲ್ಡ್ ಸ್ಟೀಲಿಗಿಂತ ಬಹಳ ಗಟ್ಟಿ. ಆದರೆ ಬೈಕ್ ಕಟ್ಟಲಿಕ್ಕೇ ಮಾಡಿದ ಸೆಕ್ಯುರಿಟಿ ಸರಪಳಿಯಷ್ಟು ಇದರ ಮೇಲ್ಮೈ ಗಡಸಲ್ಲ. ಹಾಗಾಗಿ ಗ್ರೇಡ್ 80 ತಗೊಳ್ಳುವುದಾದರೆ 13 ಎಂಎಂ, ಹದಗೊಳಿಸಿದ ಚೌಕ ಕೊಂಡಿಯ ಸೆಕ್ಯುರಿಟಿ ಸರಪಳಿ ಆದರೆ 10 ಎಂಎಂನಿಂದ ಮೇಲೆ. 13 ಎಂಎಂಗೆ ಕೈಯಲ್ಲಿ ಹಿಡಿಯುವ ಕಟ್ಟರ್ ಸೋಲ್ತದೆ. ಉಕ್ಕು ಕತ್ತರಿಸುವ ಬ್ಯಾಟರಿ ಗ್ರೈಂಡರ್‌ಗೆ ಯಾವ ಸರಪಳಿಯೂ ನಿಲ್ಲುವುದಿಲ್ಲ ಬಿಡಿ. ಆದರೆ ಅದರ ಕರ್ಕಶ ಸದ್ದಿಗೂ ಕಿಡಿಗೂ ವ್ಯಾನಿನೊಳಗೆ ಮಲಗಿದವರು ಏಳ್ತಾರೆ.

ಮೀನುಗಾರಿಕೆ ಬಂದರಿನಲ್ಲಿ ಸಿಗುವ ಸ್ಟೇನ್‌ಲೆಸ್ 316 ಸರಪಳಿ ತುಕ್ಕು ಹಿಡಿಯುವುದಿಲ್ಲ ಅಂತ ಹಲವರು ಅದನ್ನೇ ಹುಡುಕ್ತಾರೆ. ತುಕ್ಕಿಗೆ ಒಳ್ಳೆಯದು, ಕಳ್ಳನಿಗೆ ಇನ್ನೂ ಒಳ್ಳೆಯದು. ಅದು ಹದಗೊಂಡ ಉಕ್ಕಲ್ಲ, ಕಟ್ಟರ್‌ಗೆ ಬೇಗ ಬಾಗ್ತದೆ. 8 ಎಂಎಂ ವೈರ್ ರೋಪ್ ಕೂಡ ಹಾಗೇ, ಎಳೆ ಎಳೆಯಾಗಿ ತುಂಡಾಗ್ತದೆ.

ಇನ್ನೊಂದು ಮಾತು. ಸರಪಳಿ ನೆಲಕ್ಕೆ ತಾಗುವಂತೆ ಸಡಿಲ ಬಿಡಬೇಡಿ. ಕಟ್ಟರಿನ ಒಂದು ಕೈ ನೆಲಕ್ಕೆ ಊರಿ ಇನ್ನೊಂದರ ಮೇಲೆ ಇಡೀ ಮೈಭಾರ ಹಾಕಲಿಕ್ಕೆ ಆಗ್ತದೆ. ಗಿಡ್ಡಕ್ಕೆ, ಬಿಗಿಯಾಗಿ, ನೆಲದಿಂದ ಒಂದೂವರೆ ಅಡಿ ಮೇಲೆ ಇದ್ದರೆ ಆ ಬಲ ಸಿಗುವುದಿಲ್ಲ.

ಅಘನಾಶಿನಿ
ಬೈತಖೋಲದವರು ಹೇಳಿದ್ದಕ್ಕೆಲ್ಲ ಒಪ್ಪಿಗೆ ಇದೆ. ಆದರೆ ಗಾಳಿಮರ ಅವರೇ, ನಿಮ್ಮ ಮೊದಲ ಪ್ರಶ್ನೆಯಲ್ಲೇ ಜೀವಕ್ಕೆ ಅಪಾಯ ಇದೆ. ವ್ಯಾನಿನ ಹಿಂದಿನ ಹುಕ್‌ಗೆ ಗಿಡ್ಡ ಸರಪಳಿಯಲ್ಲಿ ಕಟ್ಟಿದ ಜನರೇಟರನ್ನು ಅಲ್ಲೇ ಓಡಿಸಬಾರದು. ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಬಾಗಿಲು, ಕಿಟಕಿ, ಛಾವಣಿಯ ಗಾಳಿಗೂಡು ಎಲ್ಲಕ್ಕಿಂತ ಕನಿಷ್ಠ 20 ಅಡಿ ದೂರ, ಅಂದರೆ 6 ಮೀಟರ್, ಹೊಗೆಕೊಳವೆ ವ್ಯಾನಿಗೆ ಬೆನ್ನು ಮಾಡಿ ಇರಬೇಕು. ವ್ಯಾನಿನಡಿ ಬೇಡ, ಚಪ್ಪರದೊಳಗೆ ಬೇಡ, ಟಾರ್ಪಾಲ್ ಮರೆಯಲ್ಲಿ ಬೇಡ. ಕರಾವಳಿಯಲ್ಲಿ ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ದಿಕ್ಕು ಬದಲಿಸಿ ನೆಲದಿಂದ ಕಡಲಿಗೆ ಬೀಸುತ್ತದೆ. ಸಂಜೆ ಸರಿ ಇದ್ದ ಜಾಗ ರಾತ್ರಿ ಒಂಬತ್ತಕ್ಕೆ ಹೊಗೆಯನ್ನು ನೇರ ಕಿಟಕಿಗೆ ತಂದು ಹಾಕಬಹುದು. ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಇರಲೇಬೇಕು.

ಕೇಬಲ್ ಲೆಕ್ಕ: 3 ಕೋರ್, 2.5 ಚದರ ಎಂಎಂ ತಾಮ್ರದ ಫ್ಲೆಕ್ಸಿಬಲ್, 20 ಮೀಟರ್. ಹೋಗಿ ಬರುವ 40 ಮೀಟರಿಗೆ ಸುಮಾರು 0.32 ಓಮ್, 8 ಆಂಪ್ಸ್ ಲೋಡಿಗೆ ಎರಡೂವರೆ ವೋಲ್ಟ್ ಇಳಿತ. ಅದು ಏನೂ ಅಲ್ಲ. 1.5 ಚದರ ಎಂಎಂ ಆದರೂ ನಾಲ್ಕೂಕಾಲು ವೋಲ್ಟ್ ಮಾತ್ರ. ಹಾಗಾಗಿ ವೋಲ್ಟೇಜ್ ಬೀಳುತ್ತದೆ ಅಂತ ಯಾರೂ ಜನರೇಟರನ್ನು ಹತ್ತಿರ ತರುವ ಕಾರಣ ಇಲ್ಲ. ವ್ಯಾನಿನ ಕಡೆ 30 ಮಿಲಿ ಆಂಪ್ಸ್‌ನ ಆರ್‌ಸಿಬಿಒ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿ. ಆದರೆ ಜನರೇಟರಿನ ನ್ಯೂಟ್ರಲ್ ಫ್ರೇಮಿಗೆ ಸೇರಿಲ್ಲದಿದ್ದರೆ ಅದು ಟ್ರಿಪ್ ಆಗುವುದಿಲ್ಲ. ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಸರಪಳಿ ಕಟ್ಟಿದ್ದನ್ನು ಅರ್ಥಿಂಗ್ ಅಂತ ಭಾವಿಸಬೇಡಿ.

ಅಂದ ಹಾಗೆ ಆ ಕೇಬಲಿನಲ್ಲಿ ಸುಮಾರು 1.3 ಕೆಜಿ ತಾಮ್ರ ಇದೆ. ಜನರೇಟರ್ ಕಟ್ಟಿ ಕೇಬಲ್ ಹೊರಗೆ ಬಿಟ್ಟರೆ ಬೆಳಿಗ್ಗೆ ಕೇಬಲ್ ಇರಲಿಕ್ಕಿಲ್ಲ.

ಗಾಳಿಮರ
ಅಘನಾಶಿನಿ ಸರ್, 6 ಮೀಟರ್ ದೂರ ಅಂದರೆ 13 ಎಂಎಂ ಸರಪಳಿ ಎಷ್ಟು ತೂಗುತ್ತದೆ? ಅದನ್ನು ಹೊತ್ತುಕೊಂಡು ಘಟ್ಟ ಹತ್ತಬೇಕಲ್ಲ.

ಬೈತಖೋಲ ದಕ್ಕೆ
ಮೀಟರಿಗೆ 3.8 ಕೆಜಿ. ಆರು ಮೀಟರಿಗೆ 23 ಕೆಜಿ ಆಯ್ತು, ಜನರೇಟರಿಗಿಂತ ಹೆಚ್ಚು. 10 ಎಂಎಂ ಆದರೆ ಮೀಟರಿಗೆ 2.2. ಉದ್ದ ಸರಪಳಿ ತರಲೇಬೇಡಿ ಮಾರಾಯ್ರೆ, ಅದು ದಾರಿಯಲ್ಲ. ಒಂದೂವರೆ ಮೀಟರ್ ಸಾಕು, ಸುಮಾರು 6 ಕೆಜಿ.

ದೇವಿಮನೆ ತಿರುವು
ಇಲ್ಲಿ ಎಲ್ಲರೂ ಎಡವುವುದು ಒಂದೇ ಬೀಗದಲ್ಲಿ ಎರಡು ಕೆಲಸ ಮಾಡಿಸಲು ಹೋಗಿ. ಓಡುವ ಹೊತ್ತು ಬೇರೆ, ಓಡದ ಹೊತ್ತು ಬೇರೆ. ಎರಡಕ್ಕೂ ಬೇರೆ ಜಾಗ, ಬೇರೆ ಕಟ್ಟು.

ಓಡುತ್ತಿರುವ ಯಂತ್ರವನ್ನು ಎತ್ತಿಕೊಂಡು ಹೋಗುವವರು ಕಡಿಮೆ. ಸದ್ದು ನಿಂತ ಕೂಡಲೇ ವ್ಯಾನಿನವರಿಗೆ ಗೊತ್ತಾಗುತ್ತದೆ, ಸೈಲೆನ್ಸರ್ ಕೈ ಸುಡುತ್ತದೆ. ಕಳುವಾಗುವುದು ಯಾವಾಗ? ಎಲ್ಲರೂ ನೀರಿಗಿಳಿದಾಗ ಮತ್ತು ಆರಿಸಿ ಮಲಗಿದ ಮೇಲೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ ಬೆಳಗಿನ 6, ವಸತಿ ಪ್ರದೇಶಕ್ಕೆ ಮಿತಿ 45 ಡೆಸಿಬೆಲ್. ಒಳ್ಳೆಯ ಇನ್ವರ್ಟರ್ ಜನರೇಟರ್ ಕೂಡ 7 ಮೀಟರ್ ದೂರದಲ್ಲಿ 50ರ ಮೇಲಿರುತ್ತದೆ. ಹಾಗಾಗಿ ಮನೆಗಳಿರುವ ಕಡೆ ಹತ್ತಕ್ಕೆ ಆರಿಸಲೇಬೇಕು. ಆ ಎಂಟು ತಾಸು ಅದು ಹೊರಗೆ ಇರಬಾರದು, ಅಷ್ಟೇ.

ಓಡುವಾಗ: ವ್ಯಾನಿನ ಬಾಗಿಲಿನಿಂದ ಕಣ್ಣಿಗೆ ಕಾಣುವ, ಗಾಳಿಯ ಕೆಳದಿಕ್ಕಿನ ಜಾಗ. ಅಲ್ಲಿ ಸಿಕ್ಕ ಗಟ್ಟಿ ಆಧಾರಕ್ಕೆ ಒಂದೂವರೆ ಮೀಟರ್ ಸರಪಳಿ. ಮರ ಆದರೆ ಸರಪಳಿಗೆ ಕ್ಯಾನ್ವಾಸ್ ತೋಳು ಹಾಕಿ, ಇಲ್ಲದಿದ್ದರೆ ತೊಗಟೆ ಸೀಳುತ್ತದೆ. ಸುರುಳಿ ಬಿಗಿಯಾಗಿರಲಿ, ಕೈಯಷ್ಟು ದಪ್ಪದ ಸಸಿಗೆ ಕಟ್ಟಿದರೆ ಸಸಿಯನ್ನೇ ಮುರಿಯುತ್ತಾರೆ. ತೆಂಗಿನ ತೋಟವಾದರೆ ಯಜಮಾನರನ್ನು ಕೇಳಿ ಕಟ್ಟಿ. ಕಡಲಂಚಿನ ಗಾಳಿಮರದ ತೋಪುಗಳು ಹೆಚ್ಚಿನವು ಅರಣ್ಯ ಇಲಾಖೆಯವು, ಅಲ್ಲಿ ಕೇಳದೆ ವ್ಯಾನ್ ನಿಲ್ಲಿಸುವುದೇ ತಪ್ಪು.

ಮರ ಇಲ್ಲದ ಕಡೆ ಗೂಟ. ನಾಯಿ ಕಟ್ಟುವ ಸ್ಕ್ರೂ ಗೂಟ ಬೇಡ, ತಿರುಗಿಸಿದಂತೆಯೇ ಉಲ್ಟಾ ತಿರುಗಿಸಿ ತೆಗೆಯುತ್ತಾರೆ. ಚಿರೆಕಲ್ಲಿನ ಗಟ್ಟಿ ನೆಲದಲ್ಲಿ 20 ಎಂಎಂ ಸರಳು 75 ಸೆಂಟಿಮೀಟರ್ ಇಳಿಯುವಂತೆ, ಸರಪಳಿ ಎಳೆಯುವ ದಿಕ್ಕಿಗೆ ವಿರುದ್ಧವಾಗಿ ಓರೆ ಮಾಡಿ ಬಡಿದರೆ ಒಬ್ಬ ಮನುಷ್ಯನಿಗೆ ಬೇಗ ಬರುವುದಿಲ್ಲ. ಮೊದಲು ಸಬ್ಬಲಿನಿಂದ ಅರ್ಧ ಅಡಿ ತೂತು ಮಾಡಿಕೊಳ್ಳಿ, ಇಲ್ಲದಿದ್ದರೆ ಸರಳು ಬಾಗುತ್ತದೆ. ಮರಳಿನಲ್ಲಿ ಇದೇ ಗೂಟ ಬೆಣ್ಣೆಯಲ್ಲಿ ಕಡ್ಡಿ ಚುಚ್ಚಿದ ಹಾಗೆ. ಮರಳಿನಲ್ಲಿ ನಿಲ್ಲಬೇಕಾದರೆ ಅಡ್ಡ ಹಲಗೆಯನ್ನು ಮೂರು ಅಡಿ ಆಳದಲ್ಲಿ ಹೂಳಬೇಕು. ಅದನ್ನು ನಮ್ಮ ಕಡಲತೀರದಲ್ಲಿ ಮಾಡಬೇಡಿ. ನಿಮ್ಮ ಡಿಸೆಂಬರ್ ತಿಂಗಳು ಕಡಲಾಮೆ ಮೊಟ್ಟೆ ಇಡುವ ಕಾಲದೊಳಗೇ ಬರುತ್ತದೆ. ಕಾಸರಕೋಡದಂತೆ ಬ್ಲೂ ಫ್ಲ್ಯಾಗ್ (ಸ್ವಚ್ಛ ತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದ ತೀರದಲ್ಲಂತೂ ಅನುಮತಿ ಇಲ್ಲದೆ ವಾಹನ ಇಳಿಸಿ ತಂಗುವುದಕ್ಕೆ ಅವಕಾಶವೇ ಇಲ್ಲ. ಡಾಂಬರು ಅಥವಾ ಕೆಂಪು ಮಣ್ಣಿನ ಗಟ್ಟಿ ಜಾಗದಲ್ಲೇ ನಿಲ್ಲಿಸಿ.

ಓಡದಾಗ: ವ್ಯಾನಿನ ಹೊರಬದಿಯಿಂದ ಮಾತ್ರ ತೆರೆಯುವ, ಒಳಗಿನ ಕೋಣೆಗೆ ಯಾವ ಸಂದೂ ಇಲ್ಲದ ಲಾಕರ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕೆಳಗೆ ಇಳಿದು ನಿಲ್ಲುತ್ತದೆ. ಅದಕ್ಕೇ ಲಾಕರಿನ ತಳದಲ್ಲಿ 50 ಎಂಎಂನ ಎರಡು ತೂತು, ಜಾಲರಿ ಹಾಕಿ, ನೇರ ಹೊರಗೆ. ಒಳಗೋಡೆಗೆ 8 ಎಂಎಂ ಸಿಮೆಂಟ್ ಬೋರ್ಡ್, ಅದರ ಹಿಂದೆ ಒಂದು ಇಂಚು ಗಾಳಿ ಸಂದು. ಆರಿಸಿದ ಕೂಡಲೇ ಒಳಗಿಡಬೇಡಿ, ಮುಕ್ಕಾಲು ತಾಸು ಆರಲಿ. ಪೆಟ್ರೋಲ್ ಕಾಕ್ ಬೇರೆ ಇರುವ ಮಾದರಿಯಾದರೆ ಕಾಕ್ ಮುಚ್ಚಿ ಎಂಜಿನ್ ತಾನೇ ನಿಲ್ಲುವವರೆಗೆ ಬಿಡಿ. ಕಾರ್ಬುರೇಟರ್ ಖಾಲಿಯಾಗುತ್ತದೆ, ಘಟ್ಟದ ತಿರುವಿನಲ್ಲಿ ಸೋರುವುದಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿತೂತಿನ ತಿರುಪನ್ನೂ ಮುಚ್ಚಿ.

ಲಾಕರ್ ಇಲ್ಲ, ಮಾಡಿಸಲೂ ಆಗದು ಅನ್ನುವವರು ಮಾತ್ರ ಹೊರಗೆ ಚಾಸಿಗೆ (ವ್ಯಾನಿನ ಅಡಿಯ ಉಕ್ಕಿನ ಚೌಕಟ್ಟಿಗೆ) ಕಟ್ಟಬೇಕು. ಆಗಲೂ ನೋಡಿ: ಬಂಪರಿನಲ್ಲಿ ತಿರುಗಿಸಿ ಹಾಕುವ ಎಳೆಯುವ ಕೊಂಡಿ ಬೇಡ. ಸರಪಳಿಯನ್ನೇ ಸನ್ನೆ ಮಾಡಿ ಅದನ್ನು ತಿರುಗಿಸಿ ತೆಗೆಯಬಹುದು. ಆಕ್ಸಲ್‌ಗೆ ಸುತ್ತಿದರೆ ಬ್ರೇಕ್ ಪೈಪ್ ನಜ್ಜುಗುಜ್ಜಾದೀತು. ಚಕ್ರಕ್ಕೆ ಹಾಕಿದರೆ ಬೆಳಿಗ್ಗೆ ಮರೆತು ಗಾಡಿ ಬಿಡುವವರಿದ್ದಾರೆ. ಚಾಸಿಯ ಅಡ್ಡಪಟ್ಟಿಯಲ್ಲಿ ಮೊದಲೇ ಇರುವ ತೂತಿಗೆ 12 ಎಂಎಂ ಯು-ಬೋಲ್ಟ್, ಹಿಂದೆ 100×100×6 ಎಂಎಂ ಪ್ಲೇಟ್, ನಡುಕಕ್ಕೆ ಸಡಿಲವಾಗದ ನೈಲಾಕ್ ನಟ್ಟು, ನಟ್ಟಿನ ತುದಿ ಒಳಮುಖ. ಚಾಸಿಗೆ ಹೊಸ ತೂತು ಕೊರೆಯಬೇಡಿ. ಕ್ಯಾಂಪರ್ ವ್ಯಾನುಗಳಿಗೆ ಎಐಎಸ್-124 ಅನ್ನುವ ಮಾನದಂಡ ಇದೆ, ವಾಹನದ ಮೂಲ ರಚನೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಟ್ಟುಪಾಡಿದೆ.

ಗಾಳಿಮರ
ಒಂದು ಸಂದೇಹ. ಗಟ್ಟಿ ಶೀಟಿನ ಪೆಟ್ಟಿಗೆ ಮಾಡಿಸಿ, ಅದರೊಳಗೇ ಬೀಗ ಹಾಕಿ ಓಡಿಸಿದರೆ? ಪಕ್ಕದಲ್ಲಿ ನಾಲ್ಕು ತೂತು ಬಿಟ್ಟು. ಮದುವೆ ಮನೆಗಳಲ್ಲಿ ದೊಡ್ಡ ಜನರೇಟರ್ ಪೆಟ್ಟಿಗೆಯೊಳಗೇ ಓಡುತ್ತದಲ್ಲ?

ಅಘನಾಶಿನಿ
ಅವುಗಳಲ್ಲಿ ರೇಡಿಯೇಟರ್, ದೊಡ್ಡ ಫ್ಯಾನ್, ಗಾಳಿ ಬರುವ ಹೋಗುವ ದಾರಿ ಎಲ್ಲ ಲೆಕ್ಕ ಹಾಕಿ ಮಾಡಿರುತ್ತಾರೆ. ನಿಮ್ಮದರ ಲೆಕ್ಕ ಹೀಗೆ. ತುಂಬು ಲೋಡಿನಲ್ಲಿ ತಾಸಿಗೆ ಸುಮಾರು ಒಂದು ಲೀಟರ್ ಪೆಟ್ರೋಲ್. ಒಂದು ಲೀಟರಿನಲ್ಲಿ ಹತ್ತಿರ ಹತ್ತಿರ 9 ಯೂನಿಟ್ ಶಕ್ತಿ. ಕರೆಂಟಾಗಿ ಸಿಗುವುದು 1.8. ಉಳಿದ ಏಳು ಚಿಲ್ಲರೆ ಕಿಲೋವ್ಯಾಟ್ ಶಾಖವಾಗಿ ಹೊರಬರಬೇಕು. ಏಳು ಇಸ್ತ್ರಿಪೆಟ್ಟಿಗೆಗಳನ್ನು ಒಂದು ಡಬ್ಬಿಯಲ್ಲಿಟ್ಟು ಸ್ವಿಚ್ ಹಾಕಿದ ಹಾಗೆ. ನಾಲ್ಕು ತೂತಿನಿಂದ ಆಗುವ ಕೆಲಸವಲ್ಲ. ಬಿಸಿಗಾಳಿಯನ್ನೇ ಮತ್ತೆ ಹೀರಿ ಮೊದಲು ಇನ್ವರ್ಟರ್ ಭಾಗ ಟ್ರಿಪ್ ಆಗುತ್ತದೆ, ಆಮೇಲೆ ಪ್ಲಾಸ್ಟಿಕ್ ಮೈ ಮೆತ್ತಗಾಗುತ್ತದೆ, ಪೆಟ್ರೋಲ್ ಟ್ಯಾಂಕ್ ಇರುವುದೂ ಅದೇ ಮೈಯೊಳಗೆ.

ತೋಟದ ಪಂಪು
ಶೀಟ್ ಬೇಡ, ಗೂಡು ಮಾಡಿ. ನಮ್ಮ ಶಿರಸಿ ಕಡೆ ಹೊಳೆ ಬದಿಯ ಪಂಪ್‌ಸೆಟ್‌ಗೆ ಮಾಡುವಂಥದ್ದೇ. 12 ಎಂಎಂ ಕಂಬಿ, ಸಂದು 75 ಎಂಎಂ, ಅಳತೆ 65×45×55 ಸೆಂಟಿಮೀಟರ್. ಸುಮಾರು 24 ಮೀಟರ್ ಕಂಬಿ ಬೇಕು, 21 ಕೆಜಿ ಆಗ್ತದೆ. ಗಾಳಿ ಎಲ್ಲ ಕಡೆಯಿಂದ ಆಡ್ತದೆ. ಸೈಲೆನ್ಸರ್ ಎದುರಿನ ಕಂಬಿ ಒಂದನ್ನು ಬಿಟ್ಟುಬಿಡಿ, ಅದು ಕಾದು ಬಣ್ಣ ಸುಡ್ತದೆ. ಕೀಲು ಒಳಬದಿಗೆ ಇರಲಿ, ಕೀಲಿನ ಪಿನ್ನಿನ ಎರಡೂ ತುದಿಗೆ ವೆಲ್ಡಿಂಗ್ ಬೀಳಲಿ. ಜಿಂಕ್ ಪ್ರೈಮರ್ ಎರಡು ಕೋಟ್ ಕೊಟ್ಟೇ ಬಣ್ಣ ಹೊಡೆಯಿರಿ, ಕಡಲ ಗಾಳಿಗೆ ಬರೀ ಬಣ್ಣ ಒಂದು ಮಳೆಗಾಲ ತಾಳೂದಿಲ್ಲ. ಗೂಡು ಸೇರಿ ತೂಕ 40 ಕೆಜಿ ದಾಟ್ತದೆ, ಒಂದೇ ಕೈಯಲ್ಲಿ ಎತ್ತಿ ಓಡಲಿಕ್ಕೆ ಆಗೂದಿಲ್ಲ. ಅದೇ ದೊಡ್ಡ ಲಾಭ.

ಗೂಡು ಬೇಡ ಅಂದ್ರೆ ಜನರೇಟರಿನ ಅಡಿಯನ್ನೇ ಗಟ್ಟಿ ಮಾಡಿ. ಪ್ಲಾಸ್ಟಿಕ್ ಹಿಡಿಕೆಗೆ ಎಂಥ ಸರಪಳಿ ಹಾಕಿದ್ರೂ ಪ್ರಯೋಜನ ಇಲ್ಲ, ಗರಗಸ ಎರಡು ಸಲ ಎಳೆದರೆ ಹಿಡಿಕೆ ತುಂಡು, ಸರಪಳಿ ಅಲ್ಲೇ, ಯಂತ್ರ ಇಲ್ಲ. ಹೀಗೆ ಮಾಡಿ:

ಅಡಿಯ ನಾಲ್ಕು ರಬ್ಬರ್ ಕಾಲು ಬಿಚ್ಚಿ. ಹೆಚ್ಚಿನ ಮಾದರಿಯಲ್ಲಿ ಅವು ಎಂ6 ಬೋಲ್ಟಿನವು. 5 ಎಂಎಂ ದಪ್ಪದ ಮೈಲ್ಡ್ ಸ್ಟೀಲ್ ಪ್ಲೇಟನ್ನು ಯಂತ್ರದ ಅಡಿ ಅಳತೆಗಿಂತ ಒಂದು ಬದಿಗೆ ಎರಡು ಇಂಚು ಹೆಚ್ಚು ಬರುವಂತೆ ಕತ್ತರಿಸಿ. ಎಣ್ಣೆ ಬಸಿಯುವ ಜಾಗ, ತಳದ ಗಾಳಿತೂತು ಎಲ್ಲಿದೆ ನೋಡಿ ಅಲ್ಲಿ ಪ್ಲೇಟಿಗೂ ಕಿಂಡಿ ಬಿಡಿ. ಹೊರಗೆ ಚಾಚಿದ ಅಂಚಿಗೆ 16 ಎಂಎಂ ಸರಳಿನ ಬಳೆ ವೆಲ್ಡ್ ಮಾಡಿಸಿ. ಇದೆಲ್ಲ ಪ್ಲೇಟನ್ನು ಯಂತ್ರಕ್ಕೆ ಜೋಡಿಸುವ ಮೊದಲೇ. ಪೆಟ್ರೋಲ್ ಇರುವ ಯಂತ್ರದ ಹತ್ತಿರ ವೆಲ್ಡಿಂಗ್ ಹೋಲ್ಡರ್ ತರಲೇಬಾರದು. ಆಮೇಲೆ ಪ್ಲೇಟಿನ ಕೆಳಗೆ ರಬ್ಬರ್ ಕಾಲು ಬರುವಂತೆ ಉದ್ದದ ಎಂ6 ಬೋಲ್ಟಿನಲ್ಲಿ ಬಿಗಿಯಿರಿ. ಹಳೆಯ ಬೋಲ್ಟಿಗಿಂತ ಪ್ಲೇಟಿನ ದಪ್ಪದಷ್ಟು ಮಾತ್ರ, ಅಂದ್ರೆ 5 ಎಂಎಂ, ಉದ್ದ ಇರಲಿ, ಹೆಚ್ಚಾದರೆ ಒಳಗೆ ತಾಗ್ತದೆ. ನಾಲ್ಕರಲ್ಲಿ ಎರಡಕ್ಕೆ ತಲೆ ಮುರಿದು ಬೀಳುವ ಶಿಯರ್ ಬೋಲ್ಟ್ ಹಾಕಿ, ಸ್ಪ್ಯಾನರ್ ಕೂರೂದಿಲ್ಲ. ನಾಲ್ಕಕ್ಕೂ ಅದನ್ನೇ ಹಾಕಬೇಡಿ, ರಬ್ಬರ್ ಹಾಳಾದಾಗ ಬದಲಿಸುವುದು ಕಷ್ಟ. ರಬ್ಬರ್ ಕಾಲು ಬಿಟ್ಟು ನೇರ ನೆಲಕ್ಕೆ ಪ್ಲೇಟ್ ಇಟ್ರೆ ನಡುಕಕ್ಕೆ ಯಂತ್ರ ತೆವಳ್ತದೆ, ನಟ್ಟು ಸಡಿಲ ಆಗ್ತದೆ.

ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತು ಜೇಬಲ್ಲಿ ಇಟ್ಕೊಳ್ಳುವ ಉಪಾಯ ಕೆಲವರು ಹೇಳ್ತಾರೆ. ಕದಿಯುವವನು ಅಲ್ಲಿ ಚಾಲೂ ಮಾಡಿ ನೋಡೂದಿಲ್ಲ, ಹೊತ್ಕೊಂಡು ಹೋಗ್ತಾನೆ.

ಬೈತಖೋಲ ದಕ್ಕೆ
ತೋಟದವರ ಬಳೆ ಉಪಾಯ ಒಳ್ಳೆಯದು. ಒಂದೇ ಎಚ್ಚರಿಕೆ: ಸರಪಳಿಯ ಕೊಂಡಿಯನ್ನೇ ಪ್ಲೇಟಿಗೆ ವೆಲ್ಡ್ ಮಾಡಿಸಬೇಡಿ. ವೆಲ್ಡಿಂಗ್ ಕಾವಿಗೆ ಆ ಕೊಂಡಿಯ ಹದ ಇಳಿದು ಮೆತ್ತಗಾಗ್ತದೆ, ಕಳ್ಳ ಅಲ್ಲೇ ಕತ್ತರಿಸ್ತಾನೆ. ಹಾಗೇ ತುಕ್ಕು ತೆಗೆಯಲಿಕ್ಕೆ ಸರಪಳಿಯನ್ನು ಆಸಿಡ್‌ನಲ್ಲಿ ಅದ್ದಬೇಡಿ, ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಗಾಜಿನ ಹಾಗೆ ಬಿರಿಯುವಂತಾಗ್ತದೆ. ಸಿಹಿನೀರಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಗೇರ್ ಎಣ್ಣೆ ಬಟ್ಟೆಯಲ್ಲಿ ಒರೆಸಿದ್ರೆ ಸಾಕು. ಸೈಕಲ್ ಟ್ಯೂಬ್ ತೊಡಿಸುವ ರೂಢಿ ಇದೆ, ಉಪ್ಪುನೀರು ಒಳಗೇ ನಿಂತು ಹೊರಗೆ ಕಾಣದ ಹಾಗೆ ತಿಂದು ಹಾಕ್ತದೆ. ಕ್ಯಾನ್ವಾಸೇ ಸರಿ.

ಬೀಗದ ಬಗ್ಗೆ: ಸರಪಳಿಗೆ ಐದು ಸಾವಿರ, ಬೀಗಕ್ಕೆ ನೂರೈವತ್ತು ಮಾಡಬೇಡಿ. ಬೀಗದ ಕೊಂಡಿ 11–12 ಎಂಎಂ ಬೋರಾನ್ ಉಕ್ಕು, ಎರಡೂ ಬದಿಗೆ ಹೆಗಲು ಎದ್ದು ಕೊಂಡಿ ಮುಚ್ಚಿರುವ ಜಾತಿ. 70 ಎಂಎಂನ ದುಂಡು ಡಿಸ್ಕ್ ಬೀಗವೂ ಆಗ್ತದೆ, ಆದರೆ 13 ಎಂಎಂ ಸರಪಳಿಯ ಎರಡು ಕೊಂಡಿ ಅದರ ಬಾಯಿಗೆ ಹಿಡಿಯುವುದಿಲ್ಲ. ಸರಪಳಿ ತಗೊಂಡು ಹೋಗಿ ಅಂಗಡಿಯಲ್ಲೇ ಹಾಕಿ ನೋಡಿ. ಕೀಲಿ ತೂತು ಕೆಳಮುಖ. ಎಣ್ಣೆ ಬಿಟ್ಟರೆ ಮರಳು ಅಂಟಿ ಪಿನ್ನು ಹಿಡಿದುಕೊಳ್ತದೆ, ಗ್ರಾಫೈಟ್ ಪುಡಿ ಹಾಕಿ. ಪೆನ್ಸಿಲ್ ಸೀಸ ಕೆರೆದು ಹಾಕಿದರೂ ನಡೀತದೆ.

ಗಾಳಿಮರ
ಪ್ಲೇಟ್ ಮತ್ತು ಬಳೆ ಮಾಡಿಸುವುದೇ ನಿರ್ಧಾರ. ಓಡುವಾಗ 6 ಮೀಟರ್ ದೂರದಲ್ಲಿ ಯಾರಾದರೂ ಕೈ ಹಾಕಿದರೆ ತಿಳಿಯುವ ಹಾಗೆ ಅಲಾರಂ ಏನಾದರೂ? ಅಂಗಡಿಯಲ್ಲಿ ಸಿಗುವ ನಡುಕದ ಅಲಾರಂ ಬೀಗ ಹೇಗೆ?

ಅಘನಾಶಿನಿ
ನಡುಕಕ್ಕೆ ಕೂಗುವುದು ಓಡುವ ಜನರೇಟರಿಗೆ ಆಗದು, ನಿಂತಲ್ಲೇ ಕೂಗುತ್ತಿರುತ್ತದೆ. ಆರಿಸಿದ ಮೇಲೆ ಮಾತ್ರ ಅದರ ಉಪಯೋಗ. ಎರಡೂ ಹೊತ್ತಿಗೆ ಆಗುವುದು ತಂತಿ ಸುತ್ತಿನ ಅಲಾರಂ. ಕಾರವಾರ, ಕುಮಟಾ, ಶಿರಸಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ ಸಾಮಾನಿನಲ್ಲಿ ಅರ್ಧ ತಾಸಿನ ಕೆಲಸ.

ಬೇಕಾದದ್ದು: 12 ವೋಲ್ಟಿನ ಐದು ಕಾಲಿನ ರಿಲೇ ಒಂದು (ಕಾಯಿಲಿಗೆ ಕರೆಂಟ್ ಬಂದಾಗ ತಾನೇ ಬದಲಾಗುವ ಸ್ವಿಚ್; ಕಾಯಿಲ್ 400 ಓಮ್), 1ಎನ್4007 ಡಯೋಡ್, ಒತ್ತಿದಾಗ ಮಾತ್ರ ಕೂಡುವ ಪುಶ್ ಬಟನ್, ಆನ್-ಆಫ್ ಸ್ವಿಚ್, 3 ಆಂಪ್ಸ್ ಫ್ಯೂಸ್, 12 ವೋಲ್ಟ್ ಸೈರನ್, 0.5 ಚದರ ಎಂಎಂ ಜೋಡಿ ತಂತಿ 10 ಮೀಟರ್.

ಜೋಡಣೆ: ವ್ಯಾನಿನ ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್, ಸ್ವಿಚ್ ದಾಟಿ ರಿಲೇಯ ಕಾಮನ್‌ಗೆ. ಎನ್‌ಸಿ (ಕಾಯಿಲಿಗೆ ಕರೆಂಟ್ ಇಲ್ಲದಾಗ ಕಾಮನ್‌ಗೆ ಕೂಡಿರುವ) ಕಾಲಿನಿಂದ ಸೈರನ್‌ನ ಪ್ಲಸ್‌ಗೆ. ಎನ್‌ಒ (ಕರೆಂಟ್ ಇದ್ದಾಗ ಮಾತ್ರ ಕೂಡುವ) ಕಾಲಿನಿಂದ ಜೋಡಿ ತಂತಿಯ ಒಂದು ಎಳೆಗೆ. ಆ ಎಳೆ ಜನರೇಟರಿನ ಬಳೆಯೊಳಗೆ ತೂರಿ, ಇನ್ನೊಂದು ಎಳೆಯಾಗಿ ವಾಪಸು ಬಂದು ರಿಲೇ ಕಾಯಿಲಿನ ಒಂದು ತುದಿಗೆ. ಕಾಯಿಲಿನ ಇನ್ನೊಂದು ತುದಿಯೂ ಸೈರನ್‌ನ ಇನ್ನೊಂದು ತಂತಿಯೂ ಮೈನಸ್‌ಗೆ. ಪುಶ್ ಬಟನ್ ಕಾಮನ್ ಮತ್ತು ಎನ್‌ಒ ನಡುವೆ. ಡಯೋಡಿನ ಬೆಳ್ಳಿಗೆರೆ ಇರುವ ತುದಿ ಕಾಯಿಲಿನ ಪ್ಲಸ್ ಬದಿಗೆ. ಉಲ್ಟಾ ಹಾಕಿದರೆ ಬಟನ್ ಒತ್ತಿದ ಕೂಡಲೇ ಫ್ಯೂಸ್ ಹಾರುತ್ತದೆ.

ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕಿ. ಕಾಯಿಲಿಗೆ ಕರೆಂಟ್ ಹೋಗಿ ರಿಲೇ ಎಳೆದುಕೊಳ್ಳುತ್ತದೆ, ತನ್ನ ಎನ್‌ಒ ಮೂಲಕ ತಾನೇ ಹಿಡಿದುಕೊಳ್ಳುತ್ತದೆ. ಬಟನ್ ಬಿಡಿ. ಇನ್ನು ತಂತಿಯನ್ನು ಎಲ್ಲೇ ಕತ್ತರಿಸಲಿ, ಕೀಳಲಿ, ರಿಲೇ ಬಿಡುತ್ತದೆ, ಸೈರನ್ ಕೂಗುತ್ತದೆ. ಇದರ ಸೊಗಸು ಏನೆಂದರೆ ತಂತಿಯನ್ನು ಮತ್ತೆ ಸೇರಿಸಿದರೂ ಸೈರನ್ ನಿಲ್ಲುವುದಿಲ್ಲ, ವ್ಯಾನಿನೊಳಗೆ ಬಂದು ಬಟನ್ ಒತ್ತಬೇಕು. ಖರ್ಚು 30 ಮಿಲಿ ಆಂಪ್ಸ್, ಹತ್ತು ತಾಸಿಗೆ 0.3 ಆಂಪಿಯರ್-ಅವರ್.

ಒಂದು ದೌರ್ಬಲ್ಯ ಇದೆ. ಜೋಡಿ ತಂತಿಯ ಎರಡೂ ಎಳೆಯನ್ನು ಮಧ್ಯದಲ್ಲಿ ಸುಲಿದು ಶಾರ್ಟ್ ಮಾಡಿ, ಆಚೆ ಬದಿ ಕತ್ತರಿಸಿದರೆ ಕೂಗುವುದಿಲ್ಲ. ಅಷ್ಟು ತಿಳಿದವನು ಬಂದರೆ ಅಂತ ಚಿಂತೆ ಇದ್ದರೆ ಎಳೆಗಳನ್ನು ಬೇರೆ ಬೇರೆ ದಾರಿಯಲ್ಲಿ ಎಳೆಯಿರಿ. ತಂತಿಯನ್ನು ಪವರ್ ಕೇಬಲ್‌ಗೆ ಟೇಪ್ ಸುತ್ತಿ ಒಟ್ಟಿಗೆ ಒಯ್ದರೆ ಕೇಬಲ್ಲಿಗೂ ಅದೇ ಕಾವಲು. ಸೈಲೆನ್ಸರ್ ಇರುವ ಬದಿಗೆ ತಂತಿ ಬೇಡ, ಇನ್ಸುಲೇಷನ್ ಕರಗುತ್ತದೆ.

ಕಾಳಿ ಸೇತುವೆ
ಜಿಪಿಎಸ್ ವಿಷಯ ಯಾರೂ ಎತ್ತಲಿಲ್ಲ. ಅದು ಕಳವು ತಡೆಯುವುದಿಲ್ಲ, ಹುಡುಕಲು ಸಹಾಯ ಅಷ್ಟೇ. ಬ್ಲೂಟೂತ್ ಟ್ಯಾಗ್ ಹತ್ತಿರದಲ್ಲಿ ಹಾದುಹೋಗುವ ಬೇರೆಯವರ ಫೋನನ್ನು ನಂಬಿರುತ್ತದೆ. ಗೋಕರ್ಣದ ರಥಬೀದಿಯಲ್ಲಿ ಸರಿ, ಯಾಣದ ಕಾಡುದಾರಿಯಲ್ಲಿ ಸುಮ್ಮನೆ. ಜೊತೆಗೆ ಅಪರಿಚಿತ ಟ್ಯಾಗ್ ಜೊತೆಗಿದೆ ಅಂತ ಕದ್ದವನ ಫೋನಿಗೇ ಸೂಚನೆ ಹೋಗುವ ಸಾಧ್ಯತೆ ಇದೆ. ಸಿಮ್ ಇರುವ ಟ್ರ್ಯಾಕರ್ ಆದರೆ 4ಜಿ ತಗೊಳ್ಳಿ. ಅಗ್ಗದ 2ಜಿ ಟ್ರ್ಯಾಕರಿಗೆ ಜಿಯೋ ಸಿಮ್ ಕೆಲಸ ಮಾಡುವುದಿಲ್ಲ. ಘಟ್ಟದಲ್ಲಿ ಸಿಗ್ನಲ್ ಇಲ್ಲದ ಕಡೆ ದಾರಿಯನ್ನು ನೆನಪಿಟ್ಟು ಆಮೇಲೆ ಕಳಿಸುವ ಸೌಲಭ್ಯ ಇದೆಯೇ ಕೇಳಿ.

ಇಡುವ ಜಾಗ: ಸ್ವಿಚ್ ಫಲಕದ ಹಿಂದೆ, ತಣ್ಣನೆ ಗಾಳಿ ಒಳಬರುವ ಬದಿ. 60 ಡಿಗ್ರಿ ದಾಟಿದರೆ ಒಳಗಿನ ಲಿಥಿಯಂ ಬ್ಯಾಟರಿ ಕೆಡುತ್ತದೆ. ಲೋಹದ ಹೊದಿಕೆಯೊಳಗೆ ಹಾಕಿದರೆ ಸಿಗ್ನಲ್ ಬಾರದು. ನಡುಕಕ್ಕೆ ಕಳಚದಂತೆ ಸಿಲಿಕಾನ್ ಹಾಕಿ ಕೂರಿಸಿ.

ಕಾಗದಪತ್ರ ಇದಕ್ಕಿಂತ ಮುಖ್ಯ. ಬಿಲ್, ಎಂಜಿನ್ ನಂಬರ್, ಫ್ರೇಮ್ ನಂಬರ್ ಮೂರರ ಫೋಟೊ ಫೋನಿನಲ್ಲೂ ಮನೆಯವರ ಹತ್ತಿರವೂ ಇರಲಿ. ಅಂಟಿಸಿದ ಲೇಬಲ್ ಕಿತ್ತು ಹೋಗುತ್ತದೆ, ಎಂಜಿನ್ ಕೇಸಿನ ಮೇಲೆ ಕುಟ್ಟಿದ ನಂಬರ್ ಉಳಿಯುತ್ತದೆ. ನಿಮ್ಮ ವ್ಯಾನಿನ ನೋಂದಣಿ ಸಂಖ್ಯೆಯನ್ನು ಕೆತ್ತುವ ಪೆನ್ನಿನಲ್ಲಿ ಮೂರು ಕಡೆ ಕೆತ್ತಿ: ಅಡಿಪ್ಲೇಟ್, ಪ್ಲಗ್ ಮುಚ್ಚಳದ ಒಳಮೈ, ಏರ್ ಫಿಲ್ಟರ್ ಮುಚ್ಚಳದ ಒಳಮೈ.

ಕಳುವಾದರೆ 112. ಗೋಕರ್ಣದಲ್ಲಿ ಹೋದದ್ದು ಶಿರಸಿಯಲ್ಲಿ ಗೊತ್ತಾದರೂ ಶಿರಸಿ ಠಾಣೆಯಲ್ಲೇ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ವ್ಯಾಪ್ತಿ ನೋಡದೆ ಮಾಹಿತಿ ದಾಖಲಿಸಿಕೊಳ್ಳಬೇಕು ಅನ್ನುತ್ತದೆ. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಕಳವು ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು. ಪೊಲೀಸರ ಇ-ಲಾಸ್ಟ್ ಆ್ಯಪ್‌ನಲ್ಲಿ ಹಾಕಬೇಡಿ, ಅದು ಕಳೆದುಹೋದ ವಸ್ತುವಿಗೆ. ಕಳವು ಅಂತ ಎಫ್‌ಐಆರ್ ಇಲ್ಲದೆ ವಿಮೆಯವರ ಬಳಿ ಹೋದರೆ ಮಾತು ಮುಂದುವರಿಯುವುದಿಲ್ಲ. ವಾಹನದ ಮಾಮೂಲಿ ಪಾಲಿಸಿಯಲ್ಲಿ ಬಿಡಿ ಜನರೇಟರ್ ಸೇರುವುದಿಲ್ಲ ಅಂತಲೇ ತಿಳಿಯಿರಿ, ಬೇರೆ ಪಾಲಿಸಿ ಬೇಕು. ಕಳ್ಳತನದ ಪಾಲಿಸಿಗಳು ಸಾಮಾನ್ಯವಾಗಿ ಒಡೆದ ಗುರುತು ಕೇಳುತ್ತವೆ. ತುಂಡಾದ ಸರಪಳಿ, ಬೀಗ ಎಸೆಯಬೇಡಿ, ಪೊಲೀಸರು ಬರುವವರೆಗೆ ಮುಟ್ಟಲೂ ಬೇಡಿ.

ದೇವಿಮನೆ ತಿರುವು
ಗಾಳಿಮರ ಅವರೇ, ಕೇಳದ ಪ್ರಶ್ನೆಗೆ ಉತ್ತರ ಅಂದುಕೊಳ್ಳಬೇಡಿ. ಎಸಿ ಓಡಿಸುವುದಿದೆಯೇ? ಇಲ್ಲದಿದ್ದರೆ ಜನರೇಟರ್ ಒಯ್ಯುವ ಅಗತ್ಯವನ್ನೇ ಒಮ್ಮೆ ಲೆಕ್ಕ ಹಾಕಿ. 12 ವೋಲ್ಟಿನ ಸಣ್ಣ ಫ್ರಿಜ್ ದಿನಕ್ಕೆ 500 ವ್ಯಾಟ್-ಅವರ್, ಫ್ಯಾನ್ 200, ದೀಪ 50, ನಾಲ್ಕು ಫೋನು ಒಂದು ಲ್ಯಾಪ್‌ಟಾಪ್ 150. ಒಟ್ಟು 900. 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇದೆ. ಛಾವಣಿಗೆ 300 ವ್ಯಾಟ್ ಸೋಲಾರ್ ಇದ್ದರೆ ಡಿಸೆಂಬರ್ ಬಿಸಿಲಿಗೆ ದಿನಕ್ಕೆ ಹತ್ತಿರ ಹತ್ತಿರ 1000 ಬರುತ್ತದೆ. ಛಾವಣಿಗೆ ಬೋಲ್ಟ್ ಮಾಡಿದ ಪ್ಯಾನೆಲನ್ನು ರಾತ್ರಿ ಯಾರೂ ಸದ್ದಿಲ್ಲದೆ ಇಳಿಸಲಾರರು. ಜೂನ್‌ನಿಂದ ಸೆಪ್ಟೆಂಬರ್ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಆಗ ಜನರೇಟರೇ ಗತಿ.

ಗಾಳಿಮರ
ಎಸಿ ಇದೆ ಸರ್, ಜೊತೆಗೆ ವಯಸ್ಸಾದವರಿದ್ದಾರೆ. ಸಂಜೆ 6ರಿಂದ 10 ಮಾತ್ರ ಓಡಿಸುವುದು. ಕೊನೆಯದಾಗಿ ಪೆಟ್ರೋಲ್ ಕ್ಯಾನ್ ಮತ್ತು ಕೀಲಿ, ಇವೆರಡು ಎಲ್ಲಿರಬೇಕು?

ತೋಟದ ಪಂಪು
ನಾಲ್ಕು ತಾಸಿಗೆ ನಾಲ್ಕು ಲೀಟರ್ ಬೇಕು, ಐದು ಲೀಟರಿನ ಒಂದೇ ಲೋಹದ ಕ್ಯಾನ್ ಸಾಕು. ಹೆಚ್ಚು ಇಟ್ಟುಕೊಂಡರೆ ಅಪಾಯವೂ ಹೆಚ್ಚು, ಕಳ್ಳನಿಗೂ ಲಾಭ. ದಾರಿಯಲ್ಲಿ ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಎಲ್ಲ ಕಡೆ ಬಂಕ್ ಇದೆ, ದಿನದ್ದು ದಿನ ತುಂಬಿಸಿ. ಖಾಲಿ ಕ್ಯಾನಿನಲ್ಲೂ ಆವಿ ಇರ್ತದೆ, ಮಲಗುವ ಕೋಣೆಗೆ ತರಬೇಡಿ, ಜನರೇಟರಿನ ಲಾಕರಿನಲ್ಲೇ ಇರಲಿ. ಬಿಸಿ ಯಂತ್ರಕ್ಕೆ ಪೆಟ್ರೋಲ್ ಸುರಿಯಬೇಡಿ, ಆರೂವರೆಗೆ ನೆನಪಾಗಿ ತುಂಬಿಸುವ ಬದಲು ಐದೂವರೆಗೇ ತುಂಬಿಸಿಡಿ.

ಕೀಲಿ ಎರಡು ಇರಲಿ, ಒಂದು ವ್ಯಾನಿನೊಳಗೆ ಕೈಗೆ ಸಿಗುವ ಮೊಳೆಗೆ, ಇನ್ನೊಂದು ಬೇರೆಯವರ ಜೇಬಲ್ಲಿ. ಇದು ಬೆಂಕಿಯ ಸಲುವಾಗಿ. ಹೊಗೆ ಎದ್ದರೆ ಸರಪಳಿ ಬಿಚ್ಚಿ ಯಂತ್ರವನ್ನು ದೂರ ಎಳೆಯಬೇಕಾಗ್ತದೆ, ಆಗ ಕೀಲಿ ಹುಡುಕುವ ಹಾಗಿರಬಾರದು. ಬಾಗಿಲ ಹತ್ತಿರ 2 ಕೆಜಿ ಡ್ರೈ ಪೌಡರ್ ಸಿಲಿಂಡರ್ ಇಡಿ.

ಅಘನಾಶಿನಿ
ತಂತಿಯ ಮಧ್ಯೆ ಒಂದು ಪ್ಲಗ್-ಸಾಕೆಟ್ ಜೋಡಿ ಬಳೆಯ ಹತ್ತಿರ ಹಾಕಿ. ದಿನಾ ಕಟ್ಟಿ ಬಿಚ್ಚಲು ಸುಲಭ. ಉಪ್ಪುಗಾಳಿಗೆ ಅದರ ಪಿನ್ನು ಹಸಿರು ಹಿಡಿಯುತ್ತದೆ, ಹಿಡಿದರೆ ಮಧ್ಯರಾತ್ರಿ ಸುಮ್ಮನೆ ಕೂಗುತ್ತದೆ. ಎರಡು ದಿನಕ್ಕೊಮ್ಮೆ ಒರೆಸಿ, ಚೂರು ವ್ಯಾಸಲಿನ್ ಹಚ್ಚಿ. ಮತ್ತೆ ಪ್ರತಿ ಸಂಜೆ ಚಾಲೂ ಮಾಡಿದ ಮೇಲೆ ಒಮ್ಮೆ ಆ ಪ್ಲಗ್ ಕಿತ್ತು ಸೈರನ್ ಕೂಗುತ್ತದೆಯೇ, ಎಸಿ ಸದ್ದಿನ ನಡುವೆ ಒಳಗಿನವರಿಗೆ ಕೇಳುತ್ತದೆಯೇ ನೋಡಿಕೊಳ್ಳಿ. ಕೇಳದಿದ್ದರೆ ಸೈರನ್ ಅನ್ನು ವ್ಯಾನಿನ ಹೊರಗಿನಿಂದ ತೆಗೆದು ಹಾಸಿಗೆಯ ತಲೆದಿಸೆಗೆ ತನ್ನಿ.